ಕೊನೆಯವರು ಬರುವ ತನಕ

ಚಿತ್ರದುರ್ಗದಲ್ಲಿ ಸೈಕಲ್ ಹೊಡೆಯುವವರು ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು. ಅವು ಯಾವ ಕಡೆ ಮುಖ ಮಾಡಿವೆ, ರೆಕ್ಕೆ ಎಷ್ಟು ಜೋರಾಗಿ ತಿರುಗುತ್ತಿವೆ ಅಂತ ನೋಡಿಕೊಂಡರೆ ಸಾಕು. ಅವತ್ತು ಹಿರಿಯೂರು ಕಡೆ ಹೋಗಬೇಕಾ, ಹೊಳಲ್ಕೆರೆ ಕಡೆಯಾ ಅನ್ನುವುದು ತೀರ್ಮಾನ ಆಗಿಬಿಡುತ್ತದೆ. ಮುಂಗಾರು ಶುರುವಾದ ಮೇಲೆ ಪಶ್ಚಿಮದಿಂದ ಬರುವ ಗಾಳಿ ತನ್ನ ಮಳೆಯನ್ನೆಲ್ಲ ಮಲೆನಾಡಿನಲ್ಲೇ ಸುರಿಸಿ ಬಂದಿರುತ್ತದೆ. ನಮಗೆ ಸಿಗುವುದು ಬರೀ ಬೀಸು. ಆಷಾಢದಲ್ಲಂತೂ ಕೆಲವು ದಿನ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ.

ಕಳೆದ ಸಲ ನಮ್ಮ ಭಾಗದ ಸೈಕಲ್ ಗೆಳೆಯರು ಸೇರಿ ಒಂದು ರೇಸ್ ಇಟ್ಟುಕೊಂಡಿದ್ದರು. ಆಷಾಢ ಬೇಡ ಅಂತ ಶ್ರಾವಣಕ್ಕೆ ಹಾಕಿದರು. ಗಾಳಿಗೆ ಪಂಚಾಂಗ ಗೊತ್ತಿಲ್ಲವಲ್ಲ, ಅದು ಇಳಿದಿರಲಿಲ್ಲ. ಯಾರು ಬೇಕಾದರೂ ಹೆಸರು ಕೊಡಬಹುದಿತ್ತು. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿನವರೂ ಬಂದರು, ಹಾಲಿನ ಕ್ಯಾನ್ ಹೊರುವ ಕ್ಯಾರಿಯರ್ ಬಿಚ್ಚಿಟ್ಟು ಬಂದವರೂ ಇದ್ದರು. ನಾನೂ ಓಡಿಸಿದೆ. ಆಮೇಲೆ ಸುಮಾರು ಜನರ ಹತ್ತಿರ ಕೂತು ಮಾತಾಡಿದೆ. ಒಂದೇ ರಸ್ತೆ, ಒಂದೇ ಬೆಳಿಗ್ಗೆ. ಆದರೆ ಮುಂದಿದ್ದವರು, ನಡುವೆ ಇದ್ದವರು, ಹಿಂದೆ ಉಳಿದವರು ಹೇಳುವ ಕತೆಗಳು ಮೂರು ಬೇರೆ ಬೇರೆ ಊರಿನವು ಅನ್ನಿಸುತ್ತವೆ. ಅವನ್ನು ಬರೆದಿಡಬೇಕು ಅನ್ನಿಸಿತು. ಗೆದ್ದವರ ಫೋಟೋ ಹೇಗೂ ಎಲ್ಲರ ಫೋನಿಗೂ ಬಂದಿದೆ.

ದಾರಿ ಹೀಗಿತ್ತು. ಕೋಟೆಯ ಬುಡದಿಂದ ಹೊರಟು ಹೆದ್ದಾರಿ 48ರ ಸರ್ವಿಸ್ ರಸ್ತೆ ಹಿಡಿದು ಭರಮಸಾಗರ. ಅಲ್ಲಿ ಎಡಕ್ಕೆ ತಿರುಗಿ ಸಿರಿಗೆರೆ. ಅಲ್ಲಿಂದ ಭೀಮಸಮುದ್ರ, ಹೊಳಲ್ಕೆರೆ, ಮತ್ತೆ ದುರ್ಗ. ಹತ್ತಿರ ಹತ್ತಿರ ನೂರು ಕಿಲೋಮೀಟರ್. ನಮ್ಮ ಕಡೆಯವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತದೆ. ಮೊದಲು ಗಾಳಿ ಓರೆಯಾಗಿ ಎದುರಿಗೆ. ಭರಮಸಾಗರ ದಾಟಿದ ಮೇಲೆ ನೇರ ಮುಖಕ್ಕೆ. ಸಿರಿಗೆರೆ ಆದಮೇಲೆ ಬಲಗಡೆಯಿಂದ ಅಡ್ಡ. ಹೊಳಲ್ಕೆರೆಯಿಂದ ಮನೆಗೆ ಬರುವಾಗ ಬೆನ್ನಿಗೆ.

ಹೊರಡುವ ಹೊತ್ತಿನ ಬಗ್ಗೆ ಎಲ್ಲರೂ ಒಂದೇ ಮಾತು ಹೇಳಿದರು: ಭಯ ಆಯ್ತು. ಒಬ್ಬೊಬ್ಬರೇ ಓಡಿಸಿ ಅಭ್ಯಾಸ ಇರುವವರಿಗೆ ಎಡಕ್ಕೂ ಬಲಕ್ಕೂ ಒಂದು ಗೇಣು ದೂರದಲ್ಲಿ ಇನ್ನೊಬ್ಬರ ಹ್ಯಾಂಡಲ್ ಇರುವುದು ಹೊಸದು. ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನಮ್ಮ ಮುಂದಿನ ಚಕ್ರ ಹೋದರೆ, ಅವರು ಸ್ವಲ್ಪ ಸರಿದರೂ ಬೀಳುವುದು ನಾವೇ. ಅದಕ್ಕೇ ಗುಂಪಿನಲ್ಲಿ ಮಾತು ನಿಲ್ಲಬಾರದು. "ಗುಂಡಿ!" "ಹಂಪ್!" "ನಾಯಿ, ಎಡಕ್ಕೆ!" "ಹಿಂದೆ ಬಸ್ಸು!" ಮುಂದಿನವರು ಕೂಗಿದ್ದನ್ನು ಹಿಂದಿನವರು ಮತ್ತೆ ಕೂಗಬೇಕು. ಮೊದಲ ಹತ್ತು ನಿಮಿಷ ಯಾರೂ ಕೂಗಲಿಲ್ಲ, ನಾಚಿಕೆ. ಒಬ್ಬ ಹುಡುಗ ಗುಂಡಿಗೆ ಇಳಿದು ಟ್ಯೂಬ್ ಒಡೆದುಕೊಂಡ ಮೇಲೆ ಎಲ್ಲರಿಗೂ ಗಂಟಲು ಬಂತು.

ಮುಂದಿನ ಗುಂಪಿನಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರಿದ್ದರು. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ಮೊದಲು ಬರುವ ಹೆಸರು ಆ ಜಿಲ್ಲೆಗಳದ್ದೇ. ಅಲ್ಲಿನ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಬೆಳೆದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಎಷ್ಟೋ ಜನ ರೈತರ ಮನೆಯವರು. ಅವರು ಓಡಿಸುವುದನ್ನು ಹತ್ತಿರದಿಂದ ನೋಡಬೇಕು. ಮೇಲಿನ ಅರ್ಧ ದೇಹ ಅಲುಗುವುದೇ ಇಲ್ಲ. ಕಾಲು ಮಾತ್ರ ತಿರುಗುತ್ತಿರುತ್ತದೆ.

ದಾವಣಗೆರೆಯ ಒಬ್ಬ ಎಂಜಿನಿಯರಿಂಗ್ ಹುಡುಗ ಹಟ ಹಿಡಿದು ಅವರ ಜೊತೆಗೇ ಹೋದ. ಭರಮಸಾಗರದ ಕೆರೆ ಕಾಣುವ ತನಕ ಹಿಡಿದುಕೊಂಡಿದ್ದನಂತೆ. "ಅಕ್ಕ, ಒಂದು ಸಲ ನೀರಿನ ಬಾಟಲಿ ತಗೊಳ್ಳೋಕೆ ಕೆಳಗೆ ಬಗ್ಗಿದೆ. ಹತ್ತು ಅಡಿ ಗ್ಯಾಪ್ ಆಯ್ತು ಅಷ್ಟೇ. ಪೂರ್ತಿ ಜೀವ ಹಾಕಿ ತುಳಿದೆ. ಆ ಹತ್ತು ಅಡಿ ಇಪ್ಪತ್ತಾಯ್ತು, ಐವತ್ತಾಯ್ತು. ಆಮೇಲೆ ಅವರು ಕಾಣಲೇ ಇಲ್ಲ" ಅಂದ. ಹೇಳುವಾಗ ಅವನ ಕಣ್ಣು ತುಂಬಿತ್ತು.

ಅವನಲ್ಲಿ ಶಕ್ತಿ ಕಮ್ಮಿ ಇತ್ತು ಅಂತ ಅಲ್ಲ. ಸಮತಟ್ಟಾದ ರಸ್ತೆಯಲ್ಲಿ ಜೋರಾಗಿ ಹೋಗುವಾಗ ನಮ್ಮ ಶ್ರಮದ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ಅಡ್ಡಿ ನಾಲ್ಕು ಪಟ್ಟಾಗುತ್ತದೆ. ಒಬ್ಬರ ಹಿಂದೆ ಅಂಟಿಕೊಂಡು ಹೋದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಇದನ್ನೇ ಡ್ರಾಫ್ಟಿಂಗ್ ಅನ್ನುವುದು. ದೊಡ್ಡ ಗುಂಪಿನ ನಡುವೆ ಇದ್ದರೆ ಲಾಭ ಇನ್ನೂ ಜಾಸ್ತಿ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕೆನ್ ಮತ್ತು ಜೊತೆಗಾರರು 2018ರಲ್ಲಿ 121 ಸವಾರರ ಗುಂಪಿನ ಮೇಲೆ ಅಧ್ಯಯನ ಮಾಡಿದರು. ಗುಂಪಿನ ನಡುವೆ, ಹಿಂಭಾಗದಲ್ಲಿ ಇರುವವರಿಗೆ ತಟ್ಟುವ ಗಾಳಿಯ ಅಡ್ಡಿ, ಒಬ್ಬರೇ ಅದೇ ವೇಗದಲ್ಲಿ ಹೋಗುವಾಗ ಇರುವುದರ ಶೇಕಡಾ 5ರಿಂದ 10ರಷ್ಟು ಮಾತ್ರ ಅಂತ ಕಂಡುಬಂತು. ಅಂದರೆ ಆ ಹತ್ತು ಅಡಿ ಹಿಂದೆ ಬಿದ್ದ ಕೂಡಲೇ ಹುಡುಗ ಬೇರೆಯದೇ ರೇಸಿಗೆ ಇಳಿದುಬಿಟ್ಟಿದ್ದ. ಅಲ್ಲಿಂದ ಸಿರಿಗೆರೆ ತನಕ ದುರ್ಗದ ಶ್ರಾವಣದ ಗಾಳಿಗೆ ಎದುರಾಗಿ ಒಬ್ಬನೇ ಓಡಿಸಿದ. ಅವನ ದುಃಖ ನನಗೆ ಅರ್ಥವಾಗುತ್ತದೆ.

ನಾನಿದ್ದದ್ದು ನಡುವಿನ ಗುಂಪು. ನಮ್ಮ ಅದೃಷ್ಟಕ್ಕೆ ಹೊಳಲ್ಕೆರೆ ಕಡೆಯ ಒಬ್ಬ ಮೇಷ್ಟ್ರು ಸಿಕ್ಕರು. ರಿಟೈರ್ ಆಗಲು ಇನ್ನು ಕೆಲವೇ ವರ್ಷ ಇರುವವರು. ಗೇರ್ ಇದ್ದ ಸಾಧಾರಣ ಸೈಕಲ್ಲು, ಕಾಲಿಗೆ ಕ್ಯಾನ್ವಾಸ್ ಶೂ. ಭರಮಸಾಗರದ ತಿರುವಿನಲ್ಲಿ ನಾವೆಲ್ಲ ದಿಕ್ಕಾಪಾಲಾಗಿ, ತಲೆ ಬಗ್ಗಿಸಿಕೊಂಡು, ಒಬ್ಬೊಬ್ಬರೇ ಒದ್ದಾಡುತ್ತಿದ್ದೆವು. ಅವರು ಪಕ್ಕಕ್ಕೆ ಬಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದರು: "ಯಾಕ್ರಪ್ಪ ಎಲ್ರೂ ಗಾಳಿ ತಿಂತೀರಿ? ಸಾಲು ಕಟ್ರಿ. ಒಬ್ಬರು ಮುಂದೆ ಒಂದು ನಿಮಿಷ. ಸುಸ್ತಾಗೋಕೆ ಮುಂಚೆ ಪಕ್ಕಕ್ಕೆ ಸರೀರಿ, ಹಿಂದಕ್ಕೆ ಬರ್ರಿ. ಮುಂದೆ ಹೋದೋರು ಜೋರು ಮಾಡಬೇಡ್ರಿ."

ಆ ಕೊನೆಯ ಮಾತು ಬಹಳ ಮುಖ್ಯ. ಮುಂದೆ ಬಂದ ಕೂಡಲೇ ಎಲ್ಲರಿಗೂ ಹುಮ್ಮಸ್ಸು. ನಾಲ್ಕು ಜನ ನೋಡುತ್ತಿದ್ದಾರೆ ಅಂತ ಕಾಲು ತಾನೇ ಜೋರಾಗುತ್ತದೆ. ಆಗ ಸಾಲು ಒಡೆಯುತ್ತದೆ, ಹಿಂದಿನವರು ಕಳಚಿಕೊಳ್ಳುತ್ತಾರೆ. ಮುಂದೆ ಬಂದಾಗ ವೇಗ ಏರಿಸದೆ ಇರುವುದು, ಸುಸ್ತಾಗುವ ಮೊದಲೇ ಜಾಗ ಬಿಡುವುದು, ಇವೆರಡನ್ನು ಕಲಿತ ಗುಂಪು ಎಷ್ಟು ದೂರ ಬೇಕಾದರೂ ಹೋಗುತ್ತದೆ. ಸಿರಿಗೆರೆ ಬರುವಷ್ಟರಲ್ಲಿ ನಮಗೆ ಅದು ಬಂದಿತ್ತು. ಹೆಸರೂ ಗೊತ್ತಿಲ್ಲದ ಜನ. ಒಬ್ಬರು ದಾವಣಗೆರೆ ಡಾಕ್ಟರು, ಒಬ್ಬ ಗ್ಯಾರೇಜಿನ ಹುಡುಗ, ಇಬ್ಬರು ಕಾಲೇಜು ಹುಡುಗಿಯರು. ಒಬ್ಬರ ಬೆನ್ನ ಹಿಂದೆ ಒಬ್ಬರು ಉಸಿರು ತೆಗೆದುಕೊಂಡೆವು. ಡಾಕ್ಟರು ಆಮೇಲೆ ಹೇಳಿದರು, ಇಪ್ಪತ್ತು ವರ್ಷದಲ್ಲಿ ಅಪರಿಚಿತರ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದು ಅದೇ ಮೊದಲು ಅಂತ.

ಸಿರಿಗೆರೆಯ ಮಠದ ಮುಂದೆ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಂದ ದಕ್ಷಿಣಕ್ಕೆ ತಿರುಗಿದ ಮೇಲೆ ಕಷ್ಟದ ರೂಪ ಬದಲಾಯಿತು. ಗಾಳಿ ಬಲಗಡೆಯಿಂದ. ಅಡ್ಡಗಾಳಿಯಲ್ಲಿ ನೇರ ಹಿಂದೆ ಇದ್ದರೆ ಪ್ರಯೋಜನವಿಲ್ಲ. ಮುಂದಿನವರ ಎಡಗಡೆಗೆ ಸ್ವಲ್ಪ ಸರಿದು ನಿಲ್ಲಬೇಕು. ಹೀಗೆ ಒಬ್ಬರಾದ ಮೇಲೆ ಒಬ್ಬರು ಸರಿಯುತ್ತ ಹೋದರೆ ಸಾಲು ರಸ್ತೆಗೆ ಓರೆಯಾಗುತ್ತದೆ. ಯೂರೋಪಿನ ರೇಸುಗಳನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಈ ಓರೆಸಾಲು ಗೊತ್ತಿರುತ್ತದೆ. ಅಲ್ಲಿ ರಸ್ತೆ ಪೂರ್ತಿ ಮುಚ್ಚಿರುತ್ತಾರೆ, ಅಗಲ ಪೂರ್ತಿ ಸಿಗುತ್ತದೆ. ನಮಗೆ ಸಿಕ್ಕಿದ್ದು ಎಡಗಡೆಯ ಅರ್ಧ. ಐದಾರು ಜನಕ್ಕೆ ಮರೆ ಸಿಗುತ್ತದೆ, ಏಳನೆಯವರು ಮಣ್ಣಿಗೆ ಇಳಿಯಬೇಕಾಗುತ್ತದೆ. ಬಲಗಡೆಯಿಂದ ಅದಿರಿನ ಲಾರಿ ದಾಟಿದಾಗ ಒಂದು ಕ್ಷಣ ಗಾಳಿ ನಿಂತು, ಲಾರಿ ಹೋದ ಕೂಡಲೇ ಮತ್ತೆ ಹೊಡೆಯುತ್ತದೆ. ಆ ಹೊಡೆತಕ್ಕೆ ಹ್ಯಾಂಡಲ್ ತಿರುಗಿಬಿಡುತ್ತದೆ. ಇಬ್ಬರು ಬಿದ್ದರು. ಮಂಡಿ, ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ. ಈ ತುಂಡಿನಲ್ಲಿ ಎರಡು ಗಂಟೆಯಾದರೂ ಲಾರಿ ನಿಲ್ಲಿಸಲು ಆಗದಿದ್ದರೆ ಈ ದಾರಿಯಲ್ಲಿ ರೇಸ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೇಷ್ಟ್ರು ಇಲ್ಲೂ ಸರಿಯಾದ ದಾರಿ ಹೇಳಿದರು. ಒಂದೇ ಸಾಲಿನ ಬಾಲಕ್ಕೆ ನೇತಾಡಬೇಡಿ, ಹಿಂದೆ ಇರುವವರು ಇನ್ನೊಂದು ಸಾಲು ಕಟ್ಟಿಕೊಳ್ಳಿ ಅಂತ. ವೃತ್ತಿಪರ ಸವಾರರು ಮಾಡುವುದೂ ಅದನ್ನೇ.

ಚಳ್ಳಕೆರೆಯಿಂದ ಬಂದಿದ್ದ ಒಬ್ಬ ನರ್ಸ್ ಆ ಎರಡನೇ ಸಾಲನ್ನು ಕಟ್ಟಿದವರು. ನಾಯಕನಹಟ್ಟಿ ಹತ್ತಿರದ ಹಳ್ಳಿಯಲ್ಲಿ ಓದಿದವರು. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತಲ್ಲ, ಆ ಮೊದಲ ತಂಡಗಳಲ್ಲಿ ಸೈಕಲ್ ಪಡೆದವರು. "ಶಾಲೆ ಬಿಡಬೇಕು ಅಂತ ಮನೇಲಿ ಮಾತಾಗಿತ್ತು ಅಕ್ಕ. ಸೈಕಲ್ ಬಂತು, ಹೈಸ್ಕೂಲ್ ಮುಗಿಸಿದೆ. ಮದುವೆ ಆದಮೇಲೆ ಮುಟ್ಟಿರಲಿಲ್ಲ. ಮಗನಿಗೆ ಕಲಿಸೋಕೆ ಅಂತ ಮತ್ತೆ ಹತ್ತಿದೆ" ಅಂದರು. ಮಗನನ್ನೂ ಗಂಡನನ್ನೂ ಹೊಳಲ್ಕೆರೆಯಲ್ಲಿ ನಿಲ್ಲಿಸಿ ಬಂದಿದ್ದರು, ಅಮ್ಮ ದಾಟಿ ಹೋಗುವುದನ್ನು ಹುಡುಗ ನೋಡಲಿ ಅಂತ. ಒಂದು ಸರ್ಕಾರಿ ಸೈಕಲ್ ಹೀಗೆ ಇಪ್ಪತ್ತು ವರ್ಷ ಆದಮೇಲೆ ಭೀಮಸಮುದ್ರದ ಅಡ್ಡಗಾಳಿಯಲ್ಲಿ ಹತ್ತು ಜನರ ಸಾಲು ಕಟ್ಟಿತು ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಭೀಮಸಮುದ್ರದಲ್ಲಿ ನಿಲುಗಡೆ. ಬಾಳೆಹಣ್ಣು, ಶೇಂಗಾ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು. ಅಡಿಕೆ ಮಂಡಿ ಕಡೆಯಿಂದ ಬಂದ ಹಿರಿಯರೊಬ್ಬರು ಎಲ್ಲರನ್ನೂ ಮಾತಾಡಿಸುತ್ತಿದ್ದರು. "ಎಲ್ಲಿಂದ ಬಂದ್ರಿ? ಎಷ್ಟು ದೂರ? ತಿಂದ್ರಾ ಇಲ್ವಾ?" ಕೊನೆಯ ಪ್ರಶ್ನೆ ಸರಿಯಾದ ಪ್ರಶ್ನೆ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಜೋರು ಸವಾರಿಯಲ್ಲಿ ಒಂದೂವರೆ, ಎರಡು ಗಂಟೆಗೆ ಬರಿದಾಗುತ್ತ ಬರುತ್ತದೆ. ಆಮೇಲೆ ಗಂಟೆಗೆ 30ರಿಂದ 60 ಗ್ರಾಂ ಆದರೂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಅಂದರೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ಹಣ್ಣಿನ ಜೊತೆ ಚಿಕ್ಕಿ. ಹಸಿವು ಆಗಲಿ ಅಂತ ಕಾದರೆ ತಡವಾಯಿತು ಅಂತಲೇ ಅರ್ಥ. ಗ್ಯಾರೇಜಿನ ಹುಡುಗ ಬೆಳಿಗ್ಗೆ ಬರೀ ಟೀ ಕುಡಿದು ಬಂದಿದ್ದ. ಭೀಮಸಮುದ್ರಕ್ಕೆ ಬಂದಾಗ ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಸವಾರರು ಇದನ್ನು ಬಾಂಕ್ ಆಗುವುದು ಅನ್ನುತ್ತಾರೆ. ಹಿರಿಯರು ಅವನನ್ನು ಜಗುಲಿ ಮೇಲೆ ಕೂರಿಸಿ ಹಣ್ಣು ತಿನ್ನಿಸಿ, ಮನೆಯಿಂದ ಬೆಲ್ಲ ತರಿಸಿದರು. ಕಾಲು ಗಂಟೆ ಆದಮೇಲೆ ಎದ್ದು ಹೊರಟ.

ಅದೇ ನಿಲುಗಡೆಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಇದನ್ನು ಹೇಳಲೇಬೇಕು. ಮೂರು ನಾಲ್ಕು ಗಂಟೆ ಸೈಕಲ್ ಮೇಲಿರುವ ಹೆಂಗಸರು ಎಲ್ಲಿಗೆ ಹೋಗಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಕಾಲೇಜು ಹುಡುಗಿಯರು ಬೆಳಿಗ್ಗೆಯಿಂದ ನೀರನ್ನೇ ಕುಡಿದಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದಲ್ಲ ಅನ್ನುವ ಲೆಕ್ಕ. ಬಿಸಿಲಿಗೆ ನೂರು ಕಿಲೋಮೀಟರ್ ಓಡಿಸುವವರು ನೀರು ಬಿಡುವುದು ಎಷ್ಟು ಅಪಾಯ! ಕೊನೆಗೆ ಪಕ್ಕದ ಮನೆಯ ಅಜ್ಜಿಯೊಬ್ಬರು ಒಳಗೆ ಕರೆದರು. ಹೆಂಗಸರು ಯಾಕೆ ರೇಸಿಗೆ ಕಮ್ಮಿ ಬರುತ್ತಾರೆ ಅಂತ ಕೇಳುವವರು ಮೊದಲು ಈ ಏರ್ಪಾಡು ಮಾಡಲಿ. ಆಮೇಲೆ ಮಾತಾಡೋಣ.

ಹೊಳಲ್ಕೆರೆಯ ಬಯಲು ಗಣಪತಿಗೆ ರಸ್ತೆಯಿಂದಲೇ ಕೈ ಮುಗಿದು ದುರ್ಗದ ಕಡೆ ತಿರುಗಿದೆವು. ಗಾಳಿ ಬೆನ್ನಿಗೆ ಬಂತು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಹಾಗೇ. ಕಿವಿಯಲ್ಲಿ ಬೆಳಿಗ್ಗೆಯಿಂದ ಇದ್ದ ಸದ್ದು ನಿಂತಿತು. ಸಾಲು ತಾನಾಗಿ ಕರಗಿ ಎಲ್ಲರೂ ಪಕ್ಕಪಕ್ಕದಲ್ಲಿ ಮಾತಾಡಿಕೊಂಡು, ನಗುತ್ತ ಓಡಿಸಿದೆವು. ಮೇಷ್ಟ್ರು ತಮ್ಮ ಊರಿನ ಹತ್ತಿರ ನಿಂತಿದ್ದ ಶಿಷ್ಯರಿಗೆಲ್ಲ ಕೈ ಬೀಸಿದರು.

ಸಂತೋಷದ ಬಗ್ಗೆ ಇಷ್ಟೇ ಸಾಕು. ಹೇಳಬೇಕಾದ್ದು ಕೊನೆಗೆ ಬಂದವರ ವಿಷಯ.

ಹೊಸದುರ್ಗ ಕಡೆಯ ಒಬ್ಬ ಯಜಮಾನರು, ತೆಂಗಿನ ತೋಟದವರು, ಅರವತ್ತು ದಾಟಿದೆ. ಗೇರಿಲ್ಲದ ಹಳೇ ಸೈಕಲ್ಲಿನಲ್ಲಿ ಪೂರ್ತಿ ದಾರಿ ಮುಗಿಸಿದರು. ಹೆಚ್ಚು ಕಮ್ಮಿ ಶುರುವಿನಿಂದಲೂ ಒಬ್ಬರೇ. ಅವರಿಗೆ ಬೆನ್ನು ಕೊಡಲು ಮುಂದೆ ಯಾರೂ ಇರಲಿಲ್ಲ. ಮುಂದಿನ ಹುಡುಗರಿಗಿಂತ ದುಪ್ಪಟ್ಟು ಹೊತ್ತು, ಎಲ್ಲರಿಗಿಂತ ಜಾಸ್ತಿ ಗಾಳಿ, ಎಲ್ಲರಿಗಿಂತ ಜಾಸ್ತಿ ಬಿಸಿಲು. ಭೀಮಸಮುದ್ರಕ್ಕೆ ಬಂದಾಗ ಬಾಳೆಹಣ್ಣು ಖಾಲಿ. ಹಿಂದೆ ಬರುತ್ತಿದ್ದ ಸ್ವೀಪ್ ಗಾಡಿಯವರು ಎರಡು ಸಲ "ಹತ್ತಿ ಯಜಮಾನ್ರೇ, ಸಾಕು" ಅಂದರಂತೆ. ಅವರು ದುರ್ಗ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಮೆಡಲ್ ಪೆಟ್ಟಿಗೆ ಗಾಡಿಗೆ ಹೋಗಿತ್ತು. ಕೊಟ್ಟಿದ್ದ ಸಮಯ ಮುಗಿಯಲು ಇನ್ನೂ ಹೊತ್ತಿತ್ತು. ಆದರೆ ಗಣ್ಯರು ಹೊರಟುಹೋಗಿದ್ದರು, ಕಾರ್ಯಕ್ರಮ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ನರ್ಸ್ ತಮ್ಮ ಕೊರಳಿನ ಮೆಡಲ್ ತೆಗೆದು ಅವರಿಗೆ ಹಾಕಲು ಹೋದರು. ಅವರು ಬೇಡವೇ ಬೇಡ ಅಂದರು. "ನಿಂದು ನಿನಗೆ ಇರಲಿ ತಾಯಿ, ನೀನೂ ತುಳಿದೀಯ."

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ದೊಡ್ಡ ಜನರೇಸುಗಳು ಬೇರೆ ಕಡೆ ಹೇಗೆ ಬೆಳೆದವು ನೋಡಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ 1977ರಲ್ಲಿ ನೂರಾರು ಜನ ಸೈಕಲ್ ಏರಿ ಬೀದಿಗೆ ಬಂದರು. ನಮಗೆ ಸೈಕಲ್ ದಾರಿ ಬೇಕು ಅನ್ನುವುದು ಅವರ ಬೇಡಿಕೆ. ಅದರಿಂದ 1978ರಲ್ಲಿ ಒಂದು ರೇಸ್ ಹುಟ್ಟಿತು. ಈಗ 109 ಕಿಲೋಮೀಟರಿನ ಆ ಕೇಪ್‌ಟೌನ್ ಸೈಕಲ್ ಟೂರ್‌ನಲ್ಲಿ ಹತ್ತಾರು ಸಾವಿರ ಜನ ಓಡಿಸುತ್ತಾರೆ. ಅಲ್ಲೂ ಗಾಳಿಯೇ ದೊಡ್ಡ ಮಾತು. 2017ರಲ್ಲಿ ಗಾಳಿಯ ಹೊಡೆತಕ್ಕೆ ಸವಾರರು ನಿಲ್ಲಲೂ ಆಗದೆ ರೇಸನ್ನೇ ರದ್ದು ಮಾಡಿದರು. ಸಾಮಾನ್ಯ ಜನಕ್ಕೆ ರಸ್ತೆ ಬೇಕು ಅಂತ ಹುಟ್ಟಿದ ರೇಸ್ ಅದು. ಇನ್ನು ನಮ್ಮಲ್ಲೂ ನಡೆಯುವ ಬ್ರೆವೆ ಸವಾರಿಗಳಲ್ಲಿ, ಅಂದರೆ ಪೈಪೋಟಿ ಇಲ್ಲದೆ ಗಡುವಿನೊಳಗೆ ದೂರ ಮುಗಿಸುವ ಸವಾರಿಗಳಲ್ಲಿ, 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಮೊದಲು ಬಂದವರಿಗೂ ಗಡುವಿನ ಕೊನೆಯ ನಿಮಿಷದಲ್ಲಿ ಬಂದವರಿಗೂ ಸಿಗುವ ಮಾನ್ಯತೆ ಒಂದೇ. ಅಲ್ಲಿ ಗಡುವು ಮುಗಿಯುವ ತನಕ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ರಾತ್ರಿ ಆದರೂ ಸರಿ.

ಮುಂದಿನ ಸಲದ ಮಾತು ಈಗ ಶುರುವಾಗಿದೆ. ಚಳಿಗಾಲಕ್ಕೆ ಹಾಕಿದರೆ ಗಾಳಿ ಇಳಿದಿರುತ್ತದೆ ಅನ್ನುತ್ತಾರೆ ಕೆಲವರು. ನಿಜ, ಆದರೆ ಆಗ ಸುಗ್ಗಿ. ಹಳ್ಳಿ ರಸ್ತೆಯಲ್ಲೆಲ್ಲ ಮೆಕ್ಕೆಜೋಳ ಒಣಗಿಸಿರುತ್ತಾರೆ, ರಾಗಿ ಒಕ್ಕಣೆ ನಡೆದಿರುತ್ತದೆ. ರೈತರ ಕಾಳಿನ ಮೇಲೆ ಸೈಕಲ್ ಹತ್ತಿಸಿಕೊಂಡು ಹೋಗುವ ರೇಸ್ ನಮಗೆ ಬೇಡ. ಒಕ್ಕಣೆ ಎಲ್ಲ ಮುಗಿದು ಬಿಸಿಲು ಏರುವುದರ ಒಳಗೆ, ಅಂದರೆ ಫೆಬ್ರವರಿ ಮೊದಲ ವಾರ ಸರಿ ಅನ್ನುವುದು ನನ್ನ ಲೆಕ್ಕ. ಇನ್ನು ಕೆಲವರಿಗೆ ವಾಣಿವಿಲಾಸ ಸಾಗರ ಸುತ್ತುವ ಆಸೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆವತ್ತು ಇಡೀ ಜಿಲ್ಲೆಯೇ ಅಲ್ಲಿಗೆ ಹೋಗಿತ್ತಲ್ವಾ. ಆ ದಾರಿಯಲ್ಲಿ ಅದಿರಿನ ಲಾರಿಯೂ ಕಮ್ಮಿ.

ಹೊಸದುರ್ಗದ ಯಜಮಾನರಿಗೆ ಫೋನ್ ಮಾಡಿ ಅವರಿಗೇನು ಬೇಕು ಅಂತ ಕೇಳಿದೆ. ಅವರು ಮೆಡಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಮ್ಮಂಥ ನಿಧಾನದೋರನ್ನ ಮೊದಲು ಬಿಡ್ರಿ. ಐದು ಗಂಟೆಗೆ ಹೊರಡ್ತೀವಿ, ತಂಪಿರುತ್ತೆ, ಗಾಳಿನೂ ಎದ್ದಿರಲ್ಲ. ಹುಡುಗರು ಏಳಕ್ಕೆ ಹೊರಟು ನಮ್ಮನ್ನ ದಾಟಿಕೊಂಡು ಹೋಗ್ಲಿ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬಹುದು" ಅಂದರು. ಸ್ವೀಡನ್ನಿನಲ್ಲಿ 1966ರಿಂದ ನಡೆಯುವ ಒಂದು ಸವಾರಿ ಇದೆ, ವೆಟರ್ನ್ ಸರೋವರದ ಸುತ್ತ 300 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ರಾತ್ರಿಯಿಡೀ ಗುಂಪು ಗುಂಪಾಗಿ, ಕೆಲವು ನಿಮಿಷಕ್ಕೊಂದು ತಂಡದಂತೆ ಬಿಡುತ್ತಾರೆ. ತಮಗೆ ಎಷ್ಟು ಹೊತ್ತು ಬೇಕು ಅಂತ ನೋಡಿಕೊಂಡು ಜನ ಹೊರಡುತ್ತಾರೆ. ಯಜಮಾನರು ತೋಟದಲ್ಲಿ ಕೂತು ಅದೇ ಲೆಕ್ಕ ಹಾಕಿದ್ದರು.

ಐದು ಗಂಟೆಗೆ ಕತ್ತಲಿರುತ್ತದೆ. ಮುಂದೆ ಲೈಟು, ಹಿಂದೆ ಕೆಂಪು ದೀಪ ಇಲ್ಲದೆ ಯಾರನ್ನೂ ಬಿಡುವ ಹಾಗಿಲ್ಲ. ಹಳೇ ಸೈಕಲ್ಲಿನವರ ಹತ್ತಿರ ಅವು ಇರುವುದಿಲ್ಲ. ಅದಕ್ಕೇ ಈಗಿನಿಂದಲೇ ಕೂಡಿಸುತ್ತಿದ್ದೇವೆ. ದಾವಣಗೆರೆಯ ಆ ಎಂಜಿನಿಯರಿಂಗ್ ಹುಡುಗ ತನ್ನ ಕಾಲೇಜಿನವರಿಂದ ಒಂದಷ್ಟು ತರುತ್ತೇನೆ ಅಂದಿದ್ದಾನೆ, ಮೇಷ್ಟ್ರು ಬೆಳಗಿನ ಗುಂಪಿನ ಜೊತೆ ಹೊರಡಲು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲಿ ಉಪಯೋಗಿಸದ ಸೈಕಲ್ ಲೈಟ್ ಇದ್ದರೆ ಅದನ್ನೂ ಕೊಡಿ.